ತುಮಕೂರು, ಕೋಲಾರದ ಮೊದಲ ಸಂಸದರ ಚರಿತ್ರೆಯನ್ನು ದಾಖಲೆಗಳಿಂದ ಬರೆಯುವ ಬಗೆ

1952ರ ಮೇ 13ರಂದು ಸ್ವತಂತ್ರ ಭಾರತದ ಮೊದಲ ಚುನಾಯಿತ ಲೋಕಸಭೆಯ ಮೊದಲ ಬೈಠಕ್ ನಡೆಯಿತು. ಅಂದಿನ ಮೈಸೂರು ರಾಜ್ಯಕ್ಕೆ ಆ ಸಭೆಯಲ್ಲಿ 11 ಸ್ಥಾನಗಳಿದ್ದವು. ಅವುಗಳಲ್ಲಿ ಮೂರು ನಮ್ಮ ಸೀಮೆಯವು: ತುಮಕೂರಿನಿಂದ ಸಿ. ಆರ್. ಬಸಪ್ಪ, ಕೋಲಾರದಿಂದ ಎಂ. ವಿ. ಕೃಷ್ಣಪ್ಪ ಮತ್ತು ದೊಡ್ಡತಿಮ್ಮಯ್ಯ ಆಯ್ಕೆಯಾಗಿದ್ದರು. ಮೂವರೂ ಕಾಂಗ್ರೆಸ್ಸಿನವರು. ಕೃಷ್ಣಪ್ಪನವರ ಹೆಸರು ಹಾಲು ಉತ್ಪಾದಕರ ಬಾಯಲ್ಲಿ ಇನ್ನೂ ಉಳಿದಿದೆ. ಉಳಿದಿಬ್ಬರ ವಿಷಯದಲ್ಲಿ ಅಷ್ಟು ಭಾಗ್ಯವಿಲ್ಲ. ಶಾಲೆಯ ವಾರ್ಷಿಕ ಸಂಚಿಕೆಗೋ ತಾಲ್ಲೂಕು ಸಾಹಿತ್ಯ ಸಮ್ಮೇಳನದ ನೆನಪಿನ ಸಂಚಿಕೆಗೋ ಕಾಲೇಜಿನ ಕಿರುಸಂಶೋಧನೆಗೋ ಇವರ ಬಗ್ಗೆ ಬರೆಯಬೇಕೆನ್ನುವವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಇದ್ದಾರೆ. ಆದರೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ, "ಅಪ್ರತಿಮ ದೇಶಭಕ್ತರು, ಸರಳ ಸಜ್ಜನರು" ಎಂಬ ಎರಡು ಸಾಲಿಗೆ ಕೈಬಿಡುತ್ತಾರೆ. ಅವರಿಗಾಗಿ ಈ ಬರಹ. ನನ್ನ ನಂಬಿಕೆ ಇಷ್ಟು: ಮೊದಲ ಸಂಸದರು ಏನು ಮಾಡಿದರೆಂಬುದಕ್ಕೆ ಸಾಕ್ಷಿ ಅವರ ಭಾವಚಿತ್ರದ ಕೆಳಗಿನ ಹೊಗಳಿಕೆಯಲ್ಲಿಲ್ಲ, ಅವರು ಸದನದಲ್ಲಿ ಕೇಳಿದ ಪ್ರಶ್ನೆಗಳಲ್ಲಿದೆ; ಆ ಪ್ರಶ್ನೆಗಳನ್ನು ಇಂದು ಯಾರು ಬೇಕಾದರೂ ಹುಡುಕಿ ಓದಬಹುದು.

ಹುಡುಕಾಟಕ್ಕೆ ಕೂರುವ ಮೊದಲು ಇಂದಿನ ಭೂಪಟವನ್ನು ಬದಿಗಿಡಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಅಲ್ಲಿಯವರೆಗೆ ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಕೋಲಾರ ಜಿಲ್ಲೆಯವೇ. ಚಿಕ್ಕಬಳ್ಳಾಪುರ ಎಂಬ ಲೋಕಸಭಾ ಕ್ಷೇತ್ರವೂ 1952ರಲ್ಲಿ ಇರಲಿಲ್ಲ. ಹೀಗಾಗಿ ಆ ಜಿಲ್ಲೆಯ ವಿದ್ಯಾರ್ಥಿಯೊಬ್ಬರು "ನಮ್ಮ ಮೊದಲ ಸಂಸದರು ಯಾರು" ಎಂದು ಕೇಳಿದರೆ ಉತ್ತರವನ್ನು ಕೋಲಾರದ ಹೆಸರಿನಡಿಯಲ್ಲೇ ಹುಡುಕಲು ತೊಡಗಬೇಕಾಗುತ್ತದೆ. ಆದರೆ ಜಿಲ್ಲೆಯ ಗಡಿಯೇ ಕ್ಷೇತ್ರದ ಗಡಿ ಎಂದು ಅಲ್ಲೂ ಊಹಿಸಬಾರದು. ಯಾವ ತಾಲ್ಲೂಕು ಯಾವ ಕ್ಷೇತ್ರಕ್ಕೆ ಸೇರಿತ್ತೆಂಬುದನ್ನು ಮೈಸೂರು ರಾಜ್ಯದ ಕ್ಷೇತ್ರಗಳನ್ನು ಗೊತ್ತುಪಡಿಸಿ ರಾಷ್ಟ್ರಪತಿಗಳು 1951ರಲ್ಲಿ ಹೊರಡಿಸಿದ ಆದೇಶದಲ್ಲಿ ನೋಡಿಯೇ ಬರೆಯಬೇಕು. ರಾಜ್ಯದ ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. 1952ರ ಸದಸ್ಯರನ್ನು ಕರ್ನಾಟಕದ ಸದಸ್ಯರೆನ್ನುವುದು ರೂಢಿಯಾದರೂ, ಅಂದು ಇದ್ದದ್ದು ಹಳೆಯ ಮೈಸೂರು. 1956ರ ನವೆಂಬರ್ 1ರಂದು ಅದು ವಿಸ್ತಾರಗೊಂಡಿತು, 1973ರಲ್ಲಿ ಕರ್ನಾಟಕವೆಂಬ ಹೆಸರು ಪಡೆಯಿತು. ಧಾರವಾಡದ ಸದಸ್ಯರು ಮುಂಬಯಿ ರಾಜ್ಯದ ಪಟ್ಟಿಯಲ್ಲಿಯೂ ಕಲಬುರಗಿಯವರು ಹೈದರಾಬಾದ್ ರಾಜ್ಯದ ಪಟ್ಟಿಯಲ್ಲಿಯೂ ಸಿಗುವುದು ಇದೇ ಕಾರಣಕ್ಕೆ.

ಎರಡನೆಯದಾಗಿ, ಯಾರು ಯಾವ ಸಭೆಯ ಸದಸ್ಯರೆಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಸ್ಥಳೀಯ ಬರಹಗಳಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಸಂವಿಧಾನ ಸಭೆಗೆ ಜನರು ನೇರವಾಗಿ ಮತ ಹಾಕಿ ಯಾರನ್ನೂ ಕಳಿಸಿರಲಿಲ್ಲ. 1950ರ ಜನವರಿ 26ರಿಂದ ಅದೇ ಸಭೆ ತಾತ್ಕಾಲಿಕ ಸಂಸತ್ತಾಗಿ ಮುಂದುವರಿಯಿತು. ಸಂವಿಧಾನದ ಮೊದಲ ತಿದ್ದುಪಡಿಯನ್ನು 1951ರಲ್ಲಿ ಒಪ್ಪಿದ್ದು ಈ ತಾತ್ಕಾಲಿಕ ಸಂಸತ್ತೇ ಹೊರತು ಚುನಾಯಿತ ಲೋಕಸಭೆಯಲ್ಲ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರ ಬದುಕನ್ನು ನೋಡಿದರೆ ಈ ವ್ಯತ್ಯಾಸಗಳೆಲ್ಲ ಒಂದೇ ಕಡೆ ಕಾಣುತ್ತವೆ. ಅವರು ಸಂವಿಧಾನ ಸಭೆಯ ಸದಸ್ಯರಾಗಿದ್ದರು, ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿದ್ದರು, 1952ರಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿ ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆಯ ಸಚಿವರಾದರು. ಆದರೆ ಅವರು ಕೋಲಾರದಿಂದ ಲೋಕಸಭೆಗೆ ಗೆದ್ದದ್ದು 1957ರಲ್ಲಿ. ಆದ್ದರಿಂದ ಅವರು ಮೊದಲ ಚುನಾಯಿತ ಸಂಸತ್ತಿನವರು ಹೌದು, ಕೋಲಾರದ ಮೊದಲ ಲೋಕಸಭಾ ಸದಸ್ಯರಲ್ಲ. ಇಂಥ ಒಂದು ವಾಕ್ಯವನ್ನು ತಪ್ಪಿಲ್ಲದೆ ಬರೆಯಲು ಸಾಧ್ಯವಾದರೆ ಅರ್ಧ ಕೆಲಸ ಮುಗಿದಂತೆ. ವಿಧಾನಸಭೆಗೂ 1952ರಲ್ಲೇ ಚುನಾವಣೆ ನಡೆದದ್ದರಿಂದ ಹಿರಿಯರ ನೆನಪಿನಲ್ಲಿ ಎರಡೂ ಬೆರೆತಿರುತ್ತವೆ. "ನಮ್ಮೂರಿನವರು ಮೊದಲ ಎಂಪಿ" ಎಂದು ಯಾರಾದರೂ ಹೇಳಿದರೆ ಅವರು ಶಾಸಕರಾಗಿದ್ದರೋ ಸಂಸದರಾಗಿದ್ದರೋ ಎಂದು ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಆ ಪಟ್ಟಿ ಚುನಾವಣಾ ಆಯೋಗದ ಅಂಕಿಅಂಶಗಳ ವರದಿಯಲ್ಲಿದೆ. ಆಯೋಗದ ಜಾಲತಾಣದಿಂದ ಇದನ್ನು ಇಳಿಸಿಕೊಳ್ಳಬಹುದು. ಮತದಾನ 1951ರ ಅಕ್ಟೋಬರ್‌ನಲ್ಲಿ ಆರಂಭವಾದ ಕಾರಣ ಆ ವರದಿಯ ಶೀರ್ಷಿಕೆಯಲ್ಲಿ 1951 ಎಂದೇ ಇದೆ. 1952 ಎಂದು ಹುಡುಕುವವರಿಗೆ ಸಿಗದೆ ಹೋಗುವುದು ಇದರಿಂದಲೇ. ಪ್ರತಿ ಕ್ಷೇತ್ರದ ಅಭ್ಯರ್ಥಿಗಳು, ಅವರ ಪಕ್ಷ, ಪಡೆದ ಮತಗಳು ಅದರಲ್ಲಿ ಸಿಗುತ್ತವೆ. ಸೋತವರ ಹೆಸರುಗಳನ್ನೂ ಬರೆದುಕೊಳ್ಳುವುದು ಒಳ್ಳೆಯದು, ಯಾರ ಎದುರು ಗೆದ್ದರೆಂದು ತಿಳಿಯದೆ ಗೆಲುವಿನ ಅರ್ಥ ತಿಳಿಯುವುದಿಲ್ಲ.

ಕೋಲಾರದ ಪುಟವನ್ನು ಓದುವಾಗ ನಿಧಾನವಾಗಬೇಕು, ಏಕೆಂದರೆ ಅದು ಇಬ್ಬರು ಸದಸ್ಯರ ಕ್ಷೇತ್ರ. ದೇಶದ 401 ಕ್ಷೇತ್ರಗಳಿಂದ 489 ಸದಸ್ಯರು ಆಯ್ಕೆಯಾಗಬೇಕಿದ್ದ ಆ ಚುನಾವಣೆಯಲ್ಲಿ 86 ಕ್ಷೇತ್ರಗಳು ಹೀಗಿದ್ದವು. ಕೋಲಾರದಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು, ಇನ್ನೊಂದು ಸಾಮಾನ್ಯ. ಪ್ರತಿ ಮತದಾರನಿಗೂ ಎರಡು ಮತ. ಎರಡನ್ನೂ ಒಬ್ಬನಿಗೇ ಕೊಡುವಂತಿರಲಿಲ್ಲ. ಎಣಿಕೆಯಲ್ಲಿ ಮೊದಲು ಪರಿಶಿಷ್ಟ ಜಾತಿಯ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರನ್ನು ಮೀಸಲು ಸ್ಥಾನಕ್ಕೆ ಆರಿಸಿ, ಬಳಿಕ ಉಳಿದ ಎಲ್ಲರಲ್ಲಿ ಹೆಚ್ಚು ಮತ ಪಡೆದವರನ್ನು ಇನ್ನೊಂದು ಸ್ಥಾನಕ್ಕೆ ಘೋಷಿಸುತ್ತಿದ್ದರು. ಇದರಿಂದ ಎರಡು ಮಾತು ಹೊರಡುತ್ತವೆ. ಬಿದ್ದ ಮತಗಳ ಮೊತ್ತವನ್ನು ಮತದಾರರ ಸಂಖ್ಯೆಯಿಂದ ನೇರವಾಗಿ ಭಾಗಿಸಿ ಶೇಕಡಾವಾರು ಮತದಾನ ಇಷ್ಟು ಎಂದು ಬರೆಯಕೂಡದು, ತುಮಕೂರಿನ ಅಂಕಿಯ ಪಕ್ಕದಲ್ಲಿ ಕೋಲಾರದ ಅಂಕಿಯನ್ನು ಇಟ್ಟು ಹೋಲಿಸಲೂ ಕೂಡದು. ಇನ್ನೂ ಮುಖ್ಯವಾದದ್ದು ದೊಡ್ಡತಿಮ್ಮಯ್ಯನವರ ಸ್ಥಾನಮಾನ. ಅವರು ಕೃಷ್ಣಪ್ಪನವರ ಜೊತೆಗಾರ ಸದಸ್ಯರೆಂದೋ ಒಂದು ಸಮುದಾಯದ ಪ್ರತಿನಿಧಿಯೆಂದೋ ಬರೆಯುವ ರೂಢಿಯನ್ನು ಬಿಡಬೇಕು. ಇಡೀ ಕ್ಷೇತ್ರದ ಎಲ್ಲ ಜಾತಿಗಳ ಮತದಾರರು ಕೃಷ್ಣಪ್ಪನವರನ್ನು ಆರಿಸಿದಂತೆಯೇ ಅವರನ್ನೂ ಆರಿಸಿದ್ದರು. 1957 ಮತ್ತು 1962ರಲ್ಲಿಯೂ ಕೋಲಾರ ಅವರನ್ನೇ ಲೋಕಸಭೆಗೆ ಕಳಿಸಿತು. ಸತತ ಮೂರು ಬಾರಿ ಗೆದ್ದವರ ಮೇಲೆ ನಮ್ಮ ಸಂಚಿಕೆಗಳಲ್ಲಿ ಇಷ್ಟು ಕಡಿಮೆ ಬರಹವಿರುವುದು ನನಗೆ ನೋವಿನ ಸಂಗತಿ. ದ್ವಿಸದಸ್ಯ ಪದ್ಧತಿ 1961ರ ಕಾಯ್ದೆಯಿಂದ ಕೊನೆಗೊಂಡಿತು. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸ್ಥಾನಗಳು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಹೋಗಿ ವಿ. ವಿ. ಗಿರಿಯವರು ಸೋತಿದ್ದರು, ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಣಿಕೆಯ ನಿಯಮವನ್ನು ಓದುಗರಿಗೆ ವಿವರಿಸಲು ಈ ಉದಾಹರಣೆ ಚೆನ್ನಾಗಿ ಒದಗುತ್ತದೆ.

ಹೆಸರು, ಕ್ಷೇತ್ರ, ಪಕ್ಷ ಖಚಿತವಾದ ಮೇಲೆ ಲೋಕಸಭಾ ಸಚಿವಾಲಯದ ಸದಸ್ಯರ ಪರಿಚಯ ಗ್ರಂಥಕ್ಕೆ ಹೋಗಬೇಕು. ತಂದೆಯ ಹೆಸರು, ಹುಟ್ಟಿದ ಊರು, ಓದು, ಕಸುಬು, ಸೆರೆವಾಸ, ಹಿಂದೆ ವಹಿಸಿದ ಹೊಣೆಗಳು ಅಲ್ಲಿ ಚುಟುಕಾಗಿ ಇರುತ್ತವೆ. ಇದು ಸದಸ್ಯರೇ ತುಂಬಿಕೊಟ್ಟ ವಿವರದಿಂದ ಸಿದ್ಧವಾಗುವ ಪರಿಚಯ ಎಂಬುದನ್ನು ಮರೆಯಬಾರದು. ಜನ್ಮದಿನಾಂಕ ಶಾಲೆಯ ದಾಖಲೆಯಲ್ಲಿ ಒಂದು, ಮನೆಯವರ ಲೆಕ್ಕದಲ್ಲಿ ಇನ್ನೊಂದು ಇರುವುದು ಆ ತಲೆಮಾರಿನಲ್ಲಿ ಸಾಮಾನ್ಯ. ಎರಡೂ ಸಿಕ್ಕರೆ ಎರಡನ್ನೂ ಮೂಲದೊಂದಿಗೆ ಕೊಡಬೇಕು, ನಮಗೆ ಹಿತವೆನಿಸಿದ್ದನ್ನು ಆರಿಸಿಕೊಳ್ಳಬಾರದು.

ಈಗ ನಡಾವಳಿಗಳು. ನಿಮ್ಮ ಸಮಯದ ಬಹುಪಾಲು ಇಲ್ಲಿಯೇ ಕಳೆಯಬೇಕು. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಮೊದಲ ಲೋಕಸಭೆಯ ಕಲಾಪಗಳು ಸ್ಕ್ಯಾನ್ ಆಗಿ ಸಿಗುತ್ತವೆ. ಹಣ ಕೊಡಬೇಕಿಲ್ಲ, ದೆಹಲಿಗೆ ಹೋಗಬೇಕಿಲ್ಲ, ಬಾಗೇಪಲ್ಲಿಯಲ್ಲಿ ಕುಳಿತೂ ಓದಬಹುದು. ಇಂಗ್ಲಿಷಿನಲ್ಲಿ 1954ರ ಮೇ ತಿಂಗಳವರೆಗೆ ಈ ಸಭೆಗೆ ಲೋಕಸಭೆ ಎಂಬ ಹೆಸರಿರಲಿಲ್ಲ, ಹೌಸ್ ಆಫ್ ದ ಪೀಪಲ್ ಎನ್ನುತ್ತಿದ್ದರು. ಮೊದಲ ಎರಡು ವರ್ಷಗಳ ಸಂಪುಟಗಳನ್ನು ಆ ಹೆಸರಿನಲ್ಲೇ ಹುಡುಕಬೇಕು. ಸಂಪುಟಗಳು ಎರಡು ಭಾಗಗಳಲ್ಲಿವೆ: ಒಂದರಲ್ಲಿ ಪ್ರಶ್ನೋತ್ತರಗಳು, ಇನ್ನೊಂದರಲ್ಲಿ ಉಳಿದ ಕಲಾಪ. ಪಟ್ಟಿಗಳಲ್ಲಿ ಹೆಸರು ಮೊದಲು ಬಂದು ಇನಿಷಿಯಲ್ ಆಮೇಲೆ ಬರುತ್ತದೆ, ಆದ್ದರಿಂದ ಬಸಪ್ಪನವರನ್ನು ಬಕಾರದಲ್ಲಿ ಹುಡುಕಬೇಕೇ ಹೊರತು ಸಿ. ಆರ್. ಎಂದಲ್ಲ. ದೊಡ್ಡತಿಮ್ಮಯ್ಯ ಎಂಬುದು ಇಂಗ್ಲಿಷ್ ದಾಖಲೆಗಳಲ್ಲಿ ಕೆಲವೆಡೆ ಒಂದೇ ಪದವಾಗಿಯೂ ಕೆಲವೆಡೆ ಎರಡಾಗಿ ಒಡೆದೂ ಕಾಣುತ್ತದೆ, ಕಾಗುಣಿತವೂ ಬದಲಾಗುತ್ತದೆ; ಎಲ್ಲ ಬಗೆಯಲ್ಲೂ ಹುಡುಕಬೇಕು. ಇಷ್ಟಾಗಿಯೂ ಹಳೆಯ ಮುದ್ರಣದ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿರುವ ಪುಟಗಳು ತಪ್ಪಿಹೋಗುತ್ತವೆ. ಅಂಥ ಕಡೆ ಅಧಿವೇಶನದ ಸೂಚಿಯನ್ನು ಕಣ್ಣಾರೆ ಓದುವುದೊಂದೇ ದಾರಿ. ಈ ಸಂಪುಟಗಳಲ್ಲಿ ಪುಟಕ್ಕಿಂತ ಅಂಕಣದ ಸಂಖ್ಯೆಗೆ ಬೆಲೆ ಹೆಚ್ಚು, ಟಿಪ್ಪಣಿ ಮಾಡುವಾಗ ದಿನಾಂಕ ಮತ್ತು ಅಂಕಣ ಸಂಖ್ಯೆ ಎರಡನ್ನೂ ಬರೆದುಕೊಳ್ಳಬೇಕು.

ಭಾಷಣಗಳಿಗಿಂತ ಮೊದಲು ಪ್ರಶ್ನೆಗಳನ್ನು ಓದಿರಿ ಎಂದು ನಾನು ಒತ್ತಿ ಹೇಳುತ್ತೇನೆ. ದೊಡ್ಡ ಮಸೂದೆಯ ಮೇಲಿನ ಭಾಷಣದಲ್ಲಿ ಪಕ್ಷದ ನಿಲುವಿನ ನೆರಳಿರುತ್ತದೆ, ಸಮಯವೂ ಪಕ್ಷಗಳ ನಡುವೆ ಹಂಚಿಹೋಗಿರುತ್ತದೆ. ಪ್ರಶ್ನೆ ಮಾತ್ರ ಸದಸ್ಯ ತಾನಾಗಿ ಆರಿಸಿ ಕಳಿಸಿದ್ದು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕು, ಉಪಪ್ರಶ್ನೆಗಳಿಗೂ ಅವಕಾಶವುಂಟು. ಚುಕ್ಕೆರಹಿತ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಕ್ಷೇತ್ರದ ಕೆರೆ, ರೈಲು, ಅಂಚೆ ಕಚೇರಿ, ರೇಷ್ಮೆ, ತೆಂಗು, ಬರ ಪರಿಹಾರದಂಥ ವಿಷಯಗಳನ್ನು ಮುಖ್ಯವಾಗಿ ಇಲ್ಲಿ ಹುಡುಕಬೇಕು, ಅದರಲ್ಲೂ ಲಿಖಿತ ಉತ್ತರಗಳ ನಡುವೆ. ಒಂದು ಪುಸ್ತಕದಲ್ಲಿ ದಿನಾಂಕ, ಪ್ರಶ್ನೆಯ ಸಂಖ್ಯೆ, ವಿಷಯ, ಉತ್ತರಿಸಿದ ಖಾತೆ, ಉತ್ತರದ ಸಾರ ಎಂದು ಐದು ಅಂಕಣ ಗೆರೆ ಎಳೆದುಕೊಂಡು ಒಂದೊಂದಾಗಿ ತುಂಬುತ್ತಾ ಹೋದರೆ, ಒಂದು ಅಧಿವೇಶನ ಮುಗಿಯುವ ಹೊತ್ತಿಗೆ ಆ ಸದಸ್ಯರ ಮನಸ್ಸು ಯಾವ ಕಡೆಗಿತ್ತೆಂಬುದು ತಾನಾಗಿ ಕಾಣತೊಡಗುತ್ತದೆ.

ಲೆಕ್ಕ ಹಾಕುವಾಗ ಒಂದು ನ್ಯಾಯವನ್ನು ಪಾಲಿಸಬೇಕು. ಕೃಷ್ಣಪ್ಪನವರು 1952ರಲ್ಲೇ ಆಹಾರ ಮತ್ತು ಕೃಷಿ ಖಾತೆಯ ಉಪಸಚಿವರಾದರು. ಸರ್ಕಾರದ ಭಾಗವಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರ ಹೆಸರಿನ ಮುಂದೆ ಪ್ರಶ್ನೆಗಳಿಲ್ಲವೆಂದು ಅವರು ಕೋಲಾರವನ್ನು ಮರೆತರೆನ್ನುವುದು ಅನ್ಯಾಯ. ಅವರ ಹೆಸರಿನಲ್ಲಿ ನೂರಾರು ಪುಟಗಳಿವೆಯೆಂದು ಅವೆಲ್ಲ ಅವರ ಸ್ವಂತ ಅಭಿಪ್ರಾಯಗಳೆನ್ನುವುದೂ ಸರಿಯಲ್ಲ, ಅವು ಖಾತೆಯ ಪರವಾಗಿ ಓದಿದ ಉತ್ತರಗಳು. ಹಾಗಾದರೆ ಕೋಲಾರದ ಪರವಾಗಿ ಸರ್ಕಾರವನ್ನು ಪ್ರಶ್ನಿಸುವ ಹೊಣೆ ಆ ಐದು ವರ್ಷ ಯಾರ ಮೇಲಿತ್ತು? ಇಬ್ಬರು ಸದಸ್ಯರಲ್ಲಿ ಉಳಿದವರು ದೊಡ್ಡತಿಮ್ಮಯ್ಯ ಒಬ್ಬರೇ. ಅವರ ಬಗ್ಗೆ ಬರೆಯುವವರು ಈ ಕೋನದಿಂದ ದಾಖಲೆಗಳನ್ನು ನೋಡಬೇಕು. ಕೋಲಾರದ ಚಿನ್ನದ ಗಣಿಗಳ ವಿಷಯದಲ್ಲಿ ಹೊರಗಿನ ಸದಸ್ಯರು ಏನೇನು ಕೇಳಿದರೆಂಬುದನ್ನೂ ವಿಷಯಸೂಚಿಯಿಂದ ತೆಗೆದು ಪಕ್ಕದಲ್ಲಿಟ್ಟುಕೊಳ್ಳಬೇಕು. ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡದ್ದು 1956ರಲ್ಲಿ, ಅಂದರೆ ಇದೇ ಲೋಕಸಭೆಯ ಅವಧಿಯಲ್ಲಿ.

ಭಾಷಣಗಳಲ್ಲಿ ಮೊದಲು ಓದಬೇಕಾದ್ದು ರಾಜ್ಯ ಪುನರ್ವಿಂಗಡಣೆಯ ಚರ್ಚೆ. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರ ಸೆಪ್ಟೆಂಬರ್ ಕೊನೆಗೆ ಸಲ್ಲಿಕೆಯಾಯಿತು, ಲೋಕಸಭೆ ಅದನ್ನು ಡಿಸೆಂಬರ್‌ನಲ್ಲಿ ಚರ್ಚಿಸಿತು, ಮಸೂದೆ 1956ರಲ್ಲಿ ಬಂತು. ಹಳೆಯ ಮೈಸೂರಿನ ಸದಸ್ಯರಿಗೆ ಇದು ಇಕ್ಕಟ್ಟಿನ ಕಾಲ: ಏಕೀಕರಣ ಬೇಕೆನ್ನುವವರೂ, ಮೈಸೂರು ಪ್ರತ್ಯೇಕವಾಗಿಯೇ ಇರಲೆನ್ನುವವರೂ ಒಂದೇ ಪಕ್ಷದಲ್ಲಿದ್ದರು. ತೆಲುಗು ಮಾತಾಡುವವರು ದೊಡ್ಡ ಸಂಖ್ಯೆಯಲ್ಲಿದ್ದ ಕೋಲಾರ ಜಿಲ್ಲೆ ಯಾವ ರಾಜ್ಯದಲ್ಲಿರಬೇಕೆಂಬ ಪ್ರಶ್ನೆಯೂ ಎದ್ದಿತ್ತು. ಅದು ಕನ್ನಡ ನಾಡಿನಲ್ಲೇ ಉಳಿಯಬೇಕೆಂಬುದು ಆಯೋಗದ ತೀರ್ಮಾನವಾಗಿತ್ತು. ಪಾವಗಡ ಇಂದಿಗೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತುಮಕೂರಿನ ತಾಲ್ಲೂಕು. ಆ ದಿನಗಳ ಸಂಪುಟಗಳಲ್ಲಿ ನಮ್ಮ ಮೂವರ ಹೆಸರುಗಳು ಎಲ್ಲೆಲ್ಲಿ ಬರುತ್ತವೆ, ಮತವಿಭಜನೆಯಾದ ಕಡೆ ಯಾವ ಪಟ್ಟಿಯಲ್ಲಿವೆ ಎಂದು ನೋಡದೆ ಅವರ ನಿಲುವನ್ನು ಕುರಿತು ಒಂದು ಅಕ್ಷರವನ್ನೂ ಬರೆಯಬಾರದು. ಮೌನವೂ ದಾಖಲೆಯೇ, ಆದರೆ ಮೌನಕ್ಕೆ ಕಾರಣವನ್ನು ನಾವು ಕಲ್ಪಿಸಿ ಬರೆಯಬಾರದು. ಕಲಾಪ ನಡೆಯುತ್ತಿದ್ದದ್ದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಆ ಎರಡರಲ್ಲೂ ತಮ್ಮ ಮಾತನ್ನು ಸರಿಯಾಗಿ ಹೇಳಲಾಗದ ಸದಸ್ಯರು ಸಭಾಧ್ಯಕ್ಷರ ಅನುಮತಿ ಪಡೆದು ತಾಯ್ನುಡಿಯಲ್ಲಿ ಮಾತಾಡಲು ಸಂವಿಧಾನದ 120ನೇ ವಿಧಿ ಅವಕಾಶ ಕೊಟ್ಟಿದೆ. ಹಳ್ಳಿಯಿಂದ ಹೋದ ಸದಸ್ಯರೊಬ್ಬರು ಕಡಿಮೆ ಮಾತಾಡಿದರೆಂದು ತೀರ್ಪು ಕೊಡುವವರು ಈ ಹಿನ್ನೆಲೆಯನ್ನೂ ಓದುಗರ ಮುಂದಿಡಬೇಕು.

ದೆಹಲಿಯ ಕಾಗದಗಳ ಜೊತೆಗೆ ಊರಿನ ಸಾಕ್ಷಿಯೂ ಬೇಕು. 1952ರಲ್ಲಿ ಮತ ಹಾಕಲು 21 ವರ್ಷ ತುಂಬಿರಬೇಕಿತ್ತು. ಅಂದು ಮತ ಹಾಕಿದವರು ಇಂದು 90 ದಾಟಿದ್ದಾರೆ. ಅಂಥವರು ನಿಮ್ಮ ಬೀದಿಯಲ್ಲಿದ್ದರೆ ಉಳಿದೆಲ್ಲ ಕೆಲಸ ಬಿಟ್ಟು ಮೊದಲು ಅವರ ಬಳಿ ಹೋಗಬೇಕು. ಅಂದು ಹುಡುಗರಾಗಿದ್ದು ಚುನಾವಣೆಯನ್ನು ನೋಡಿದವರ ಮಾತಿಗೂ ಬೆಲೆಯುಂಟು. "ಮೊದಲ ಲೋಕಸಭಾ ಚುನಾವಣೆ ನೆನಪಿದೆಯೇ" ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಆಗ ಇಂದಿನ ಮತಯಂತ್ರವಾಗಲಿ, ಮತಪತ್ರದ ಮೇಲೆ ಗುರುತು ಒತ್ತುವ ಪದ್ಧತಿಯಾಗಲಿ ಇರಲಿಲ್ಲ, ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು, ತಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದರು. ಆದ್ದರಿಂದ ಪೆಟ್ಟಿಗೆಗಳನ್ನು ಎಲ್ಲಿ ಇಟ್ಟಿದ್ದರು, ಅಂದಿನ ಕಾಂಗ್ರೆಸ್ ಚಿಹ್ನೆಯಾದ ಜೋಡೆತ್ತಿನ ಪೆಟ್ಟಿಗೆ ಯಾವ ಕಡೆಗಿತ್ತು, ಮನೆಯ ಹೆಂಗಸರು ಹೋಗಿದ್ದರೇ ಎಂದು ಕೇಳಬೇಕು. ಕೊನೆಯ ಪ್ರಶ್ನೆ ಮುಖ್ಯವಾದದ್ದು: ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿ ತಮ್ಮ ಹೆಸರು ಕೊಡದ ಕಾರಣಕ್ಕೆ ದೇಶದಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗಿತ್ತು. ಮೈಸೂರು ರಾಜ್ಯದಿಂದ ಆಯ್ಕೆಯಾದ 11 ಮಂದಿಯಲ್ಲಿ ಮಹಿಳೆ ಒಬ್ಬರೂ ಇರಲಿಲ್ಲ. ಬಾಗೇಪಲ್ಲಿ, ಪಾವಗಡದ ಕಡೆ ತೆಲುಗಿನಲ್ಲಿಯೂ ಚಿನ್ನದ ಗಣಿಯ ಕಾಲೊನಿಗಳಲ್ಲಿ ತಮಿಳಿನಲ್ಲಿಯೂ ಕೇಳಿಸಿಕೊಳ್ಳಬೇಕು. ಮನೆಮಾತಿನಲ್ಲಿ ಬಂದ ನೆನಪಿಗೆ ಇರುವ ಸ್ಪಷ್ಟತೆ ಕಲಿತ ಭಾಷೆಯಲ್ಲಿ ಬರುವುದಿಲ್ಲ.

ಕೇಳಿದ್ದನ್ನೆಲ್ಲ ಹಾಗೆಯೇ ಸತ್ಯವೆಂದು ಬರೆಯಬಾರದು, ಸುಳ್ಳೆಂದು ತಳ್ಳಲೂಬಾರದು. ಕೋಲಾರದ ಹೈನುಗಾರಿಕೆಗೂ ಮಿಶ್ರತಳಿಯ ಹಸುಗಳಿಗೂ ಕೃಷ್ಣಪ್ಪನವರ ಹೆಸರನ್ನು ಸೇರಿಸಿ ಹೇಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇದನ್ನು ಮೊದಲ ಲೋಕಸಭೆಯ ಅಧ್ಯಾಯದಲ್ಲಿ ಬರೆಯಬೇಕೇ? ಅವರು ಕೇಂದ್ರದಲ್ಲಿ ಉಪಸಚಿವರಾಗಿದ್ದರು, ಬಳಿಕ ರಾಜ್ಯದಲ್ಲಿ ಸಚಿವರಾದರು. 1957ರಲ್ಲಿ ತುಮಕೂರಿನಿಂದ, 1971ರಲ್ಲಿ ಹೊಸಕೋಟೆಯಿಂದ, 1977ರಲ್ಲಿ ಚಿಕ್ಕಬಳ್ಳಾಪುರದಿಂದಲೂ ಲೋಕಸಭೆಗೆ ಗೆದ್ದರು. ಹೀಗೆ ನಮ್ಮ ಮೂರೂ ಜಿಲ್ಲೆಗಳಿಗೆ ಸೇರಿದ ದೀರ್ಘ ಬದುಕಿನಲ್ಲಿ ಯಾವ ಕೆಲಸ ಯಾವ ಹುದ್ದೆಯಲ್ಲಿದ್ದಾಗ ನಡೆಯಿತೆಂದು ವರ್ಷ ಹಿಡಿದು ಹೊಂದಿಸಿದ ಮೇಲೆಯೇ ಅದನ್ನು ಅದರ ಜಾಗದಲ್ಲಿಡಬೇಕು.

ಪತ್ರಿಕೆಗಳಲ್ಲಿ 1948ರಲ್ಲಿ ಶುರುವಾದ ಪ್ರಜಾವಾಣಿಯ ಹಳೆಯ ಸಂಚಿಕೆಗಳು ಮುಖ್ಯವಾದವು. ನಾಮಪತ್ರ, ಪ್ರಚಾರಸಭೆ, ಫಲಿತಾಂಶ ಈ ಮೂರು ಘಟ್ಟಗಳ ಹತ್ತಿರದ ದಿನಗಳನ್ನಷ್ಟೇ ಗುರಿಯಿಟ್ಟು ನೋಡಿದರೆ ಸಾಕು, ಇಡೀ ವರ್ಷವನ್ನು ತಿರುವಿಹಾಕುವ ಅಗತ್ಯವಿಲ್ಲ. ತುಮಕೂರು ಮತ್ತು ಕೋಲಾರದ ಜಿಲ್ಲಾ ಗೆಜೆಟಿಯರ್‌ಗಳಲ್ಲಿ ಸಾರ್ವಜನಿಕ ಜೀವನದ ಅಧ್ಯಾಯವನ್ನು ಓದಿಕೊಳ್ಳಬಹುದು. ಸ್ವಾತಂತ್ರ್ಯ ಹೋರಾಟದ ಹಿನ್ನೆಲೆಗೆ 1938ರ ಏಪ್ರಿಲ್ 25ರ ವಿದುರಾಶ್ವತ್ಥದ ಗೋಲಿಬಾರ್ ಎಲ್ಲ ಬರಹಗಳಲ್ಲೂ ಬರುತ್ತದೆ. ನೀವು ಬರೆಯುತ್ತಿರುವ ಸದಸ್ಯರಿಗೆ ಅದರೊಡನೆ ಸಂಬಂಧವಿತ್ತೆಂದು ದಾಖಲೆ ಇದ್ದರೆ ಮಾತ್ರ ಅದನ್ನು ತರಬೇಕು.

ಕುಟುಂಬದವರನ್ನು ಭೇಟಿಯಾಗುವುದು ಕಾಗದದ ಕೆಲಸವೆಲ್ಲ ಒಂದು ಹಂತಕ್ಕೆ ಬಂದ ಮೇಲೆ. ತಾತ ಸದನದಲ್ಲಿ ಕೇಳಿದ ಪ್ರಶ್ನೆಯ ಪ್ರತಿಯನ್ನು ಮೊಮ್ಮಕ್ಕಳ ಕೈಗೆ ಕೊಟ್ಟು ಮಾತು ಆರಂಭಿಸಿದರೆ ಸಂಭಾಷಣೆಯ ದಾರಿಯೇ ಬೇರೆಯಾಗುತ್ತದೆ: ಪತ್ರಗಳು, ಗುರುತಿನ ಚೀಟಿಗಳು, ಪ್ರವಾಸದ ಟಿಪ್ಪಣಿಗಳು ಪೆಟ್ಟಿಗೆಯಿಂದ ಹೊರಬರುವ ಸಾಧ್ಯತೆ ಹೆಚ್ಚು. ಸಂಸದರ ಸಂಬಳ 1954ರ ಕಾಯ್ದೆಯಂತೆ ತಿಂಗಳಿಗೆ 400 ರೂಪಾಯಿ, ಸದನ ನಡೆಯುವ ದಿನಗಳಿಗೆ ದಿನಭತ್ಯೆ 21 ರೂಪಾಯಿ ಇತ್ತು. ದೆಹಲಿಯಲ್ಲಿ ಎಲ್ಲಿ ಉಳಿಯುತ್ತಿದ್ದರು, ಊಟಕ್ಕೇನು ಮಾಡುತ್ತಿದ್ದರು, ಊರಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತಿದ್ದರು ಎಂಬುದು ಮನೆಯವರಿಗಷ್ಟೇ ಗೊತ್ತಿರುವ ವಿಷಯ. ಮೂಲ ಕಾಗದಗಳನ್ನು ಮನೆಗೆ ಒಯ್ಯದೆ ಅಲ್ಲೇ ಚಿತ್ರ ತೆಗೆದುಕೊಂಡು ಹಿಂದಿರುಗಿಸಬೇಕು, ಆಸ್ತಿ ಮತ್ತು ಮನೆತನದ ವ್ಯಾಜ್ಯಗಳ ಕಾಗದ ಕಂಡರೆ ಮುಟ್ಟಬಾರದು, ಪ್ರಕಟಿಸುವ ಮೊದಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

ಬರೆಯಲು ಕುಳಿತಾಗ ಹುಟ್ಟಿನಿಂದ ಆರಂಭಿಸಬೇಕೆಂಬ ನಿಯಮವೇನಿಲ್ಲ. ಕ್ಷೇತ್ರ ಮತ್ತು ಚುನಾವಣೆ, ಸದನದ ಐದು ವರ್ಷ, ಆಮೇಲಿನ ಬದುಕು ಎಂದು ಸಾಗಿದರೆ ಓದುಗರು ಜೊತೆಗೆ ಬರುತ್ತಾರೆ. ಈ ಲೋಕಸಭೆ ವಿಸರ್ಜನೆಯಾದದ್ದು 1957ರ ಏಪ್ರಿಲ್ 4ರಂದು, ಸದನದ ಭಾಗವನ್ನು ಅಲ್ಲಿಗೆ ನಿಲ್ಲಿಸಬೇಕು. ದಾಖಲೆಯಿಂದ ಬಂದದ್ದನ್ನೂ ಕೇಳಿ ತಿಳಿದದ್ದನ್ನೂ ಓದುಗರು ಬೇರೆಯಾಗಿ ಗುರುತಿಸುವಂತೆ ಬರೆಯಬೇಕು. "ಊರಿನವರು ಹೇಳುವಂತೆ" ಎಂಬ ಎರಡು ಪದ ಸೇರಿಸಿದರೆ ಬರಹದ ತೂಕ ಕಡಿಮೆಯಾಗುವುದಿಲ್ಲ. ಮುಗಿದ ಮೇಲೆ ಒಂದು ಪ್ರತಿಯನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ಒಂದನ್ನು ಸದಸ್ಯರ ಹುಟ್ಟೂರಿನ ಶಾಲೆಗೆ ಕೊಟ್ಟು, ಐದು ಅಂಕಣದ ಪ್ರಶ್ನೆಗಳ ಪುಸ್ತಕವನ್ನೂ ಅದರ ಜೊತೆಗೇ ಇಡಬೇಕು, ಮುಂದೆ ಬರೆಯುವವರು ಮತ್ತೆ ಮೊದಲಿನಿಂದ ಹುಡುಕಬೇಕಾಗಿ ಬರುವುದಿಲ್ಲ.